ಪಟ್ಟಿ ಎತ್ತಿದ ಬಗೆ

ಜೇವರ್ಗಿ ಕಡೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ನಿಮಗೆ ಗೊತ್ತು. ಅದರಲ್ಲಿ ಲಿಂಗಸುಗೂರು ಬರುತ್ತದೆ. ಆಮೇಲೆ ಮಸ್ಕಿ. ಆಮೇಲೆ ಸಿಂಧನೂರು. ಸಿಂಧನೂರು ದಾಟಿ ಸಿರುಗುಪ್ಪದ ಕಡೆ ಹೊರಟರೆ ತುಂಗಭದ್ರಾ ಹೊಳೆ ಅಡ್ಡ ಬರುತ್ತದೆ. ಆ ಹೊಳೆಯ ಈಚೆ ದಂಡೆಯಲ್ಲಿ ದಢೇಸುಗೂರು. ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ. ಕೃಷಿ ಸಂಶೋಧನಾ ಕೇಂದ್ರವೂ ಇಲ್ಲಿದೆ. ನಾನು ಈ ಸೀಮೆಯಲ್ಲೇ ಮಾಸ್ತರಿಕೆ ಮಾಡಿ ನಿವೃತ್ತನಾದವನು.

ಕೊಯ್ಲು ಮುಗಿಯುತ್ತದೆ. ಭತ್ತ ಅಂಗಡಿಗೆ ಹೋಗುತ್ತದೆ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತವೆ. ಆ ತಿಂಗಳಲ್ಲಿ ನಮ್ಮ ಕಡೆ ಓಣಿ ಓಣಿಯಲ್ಲಿ ಒಂದು ಮಾತು ಕೇಳುತ್ತದೆ. "ಪಟ್ಟಿ ಎತ್ತಾಕ ಬಂದಾರ" ಅಂತ. ಪಟ್ಟಿ ಅಂದರೆ ಚಂದಾ, ವಂತಿಗೆ, ದೇಣಿಗೆ. ಗುಡಿಗೆ ಪಟ್ಟಿ, ಜಾತ್ರೆಗೆ ಪಟ್ಟಿ, ಶಾಲೆಗೆ ಪಟ್ಟಿ, ಅನಾಥ ಮಕ್ಕಳಿಗೆ ಪಟ್ಟಿ, ದವಾಖಾನೆ ಖರ್ಚಿಗೆ ಪಟ್ಟಿ.

ಪಟ್ಟಿ ಎತ್ತಿದವರು ಲೆಕ್ಕ ಕೊಡಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು. ಇದನ್ನು ಬಹಳ ಮಂದಿ ಕೊಡುತ್ತಾರೆ. ಇವತ್ತು ನಾನು ಕೇಳಬೇಕೆಂದಿರುವುದು ಇದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಆ ದುಡ್ಡನ್ನು ಹೇಗೆ ಎತ್ತಿದಿರಿ? ಯಾರು ಹೋದರು, ಯಾರ ಬಾಗಿಲಿಗೆ ಹೋದರು, ಏನು ಹೇಳಿ ಕೇಳಿದರು, ಎತ್ತುವುದಕ್ಕೇ ಎಷ್ಟು ಖರ್ಚಾಯಿತು? ಈ ಲೆಕ್ಕವನ್ನೂ ಕೊಟ್ಟವರ ಮುಂದೆ ಇಡಬೇಕು ಎಂದು ನಾನು ನಂಬಿದ್ದೇನೆ. ಇದನ್ನು ನನಗೆ ಕಲಿಸಿದ್ದು ಒಬ್ಬ ಕೂಲಿ ಹೆಂಗಸು.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ನಾವು ಐದಾರು ಜನ ಸೇರಿ ಸಮಿತಿ ಮಾಡಿಕೊಂಡೆವು. ಪಾವತಿ ಪುಸ್ತಕ ಅಚ್ಚು ಹಾಕಿಸಿದೆವು. ಒಂದು ಪುಸ್ತಕಕ್ಕೆ ನೂರು ಹಾಳೆ. ನಡುವೆ ಕಾರ್ಬನ್ ಇಟ್ಟು ಬರೆಯುವುದು. ಮೇಲಿನ ಹಾಳೆ ಕೊಟ್ಟವರಿಗೆ, ಕೆಳಗಿನದು ನಮಗೆ. ಸುಮಾರು ಮೂರು ಲಕ್ಷ ರೂಪಾಯಿ ಕೂಡಿತು. ಕಟ್ಟಡ ಎದ್ದಿತು. ಒಂದು ರೂಪಾಯಿ ಆಚೆ ಈಚೆ ಆಗಲಿಲ್ಲ. ಜಮಾ ಖರ್ಚಿನ ಹಾಳೆಯನ್ನು ಶಾಲೆಯ ಗೋಡೆಗೆ ಅಂಟಿಸಿದೆವು. ನನಗೆ ಬಹಳ ಸಮಾಧಾನವಾಗಿತ್ತು.

ಒಂದು ದಿನ ಆ ಗೋಡೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ನಾಟಿ, ಕಳೆ ಅಂತ ಕೂಲಿಗೆ ಹೋಗುವವರು. ಓದಲು ಬರುವುದಿಲ್ಲ. "ಇದರಾಗ ನನ್ನ ಐನೂರು ಎಲ್ಲೈತ್ರೀ ಸರ?" ಎಂದು ಕೇಳಿದರು. ನಾನು ಹುಡುಕಿ ಬೆರಳಿಟ್ಟು ತೋರಿಸಿದೆ. ಅವರು ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಅವತ್ತು ನನ್ನ ಹಂತೇಕ ರೊಕ್ಕ ಇದ್ದಿಲ್ರೀ. ಬಾಜೂ ಮನೇಕಿ ಕಡಿಂದ ಇಸ್ಕೊಂಡು ಕೊಟ್ಟೆ."

"ಯಾಕಮ್ಮಾ, ಇಲ್ಲ ಅಂದಿದ್ರ ಆಗ್ತಿತ್ತಲ್ಲ?" ಅಂದೆ.

"ಬಿಳಿ ಅರಿವಿ ಉಟ್ಟ ಐದು ಮಂದಿ ಬಾಗಲಾಗ ನಿಂತ್ರಿ. ಅದರಾಗ ನೀವು ನನ್ನ ಮಗನಿಗೆ ಕಲಿಸಿದ ಸರ. ಇಲ್ಲ ಅನ್ನಾಕ ಬರ್ತೈತೇನ್ರೀ?"

ಕೇಳುಗರೇ, ಅವತ್ತು ಆ ಬಾಗಿಲಲ್ಲಿ ನಾವು ನಿಂತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಗ್ಗದ ಮಂಚ ಇತ್ತು, ನಾವು ಕೂರಲಿಲ್ಲ. ಅವಸರದಲ್ಲಿದ್ದೆವು. ಒಬ್ಬರು ಪುಸ್ತಕ ಬಿಚ್ಚಿ ಪೆನ್ನು ಹಿಡಿದೇ ಇದ್ದರು. "ಬಾಜೂ ಮನೆಯವರು ಐನೂರು ಕೊಟ್ಟಾರ" ಎಂದು ಇನ್ನೊಬ್ಬರು ಹೇಳಿದರು. ಅದು ಸುಳ್ಳಲ್ಲ. ಆದರೆ ಅದನ್ನು ಯಾಕೆ ಹೇಳಿದೆವು ಅನ್ನುವುದು ನಮಗೂ ಗೊತ್ತಿತ್ತು. ಆ ಹೆಂಗಸು ಒಳಗೆ ಹೋದರು. ಹಿತ್ತಿಲಿನಿಂದ ಪಕ್ಕದ ಮನೆಗೆ ಹೋಗಿ ಬಂದರು ಅನ್ನುವುದು ನಮಗೆ ಕಾಣಲಿಲ್ಲ. ನಮ್ಮ ಜಮಾ ಖರ್ಚಿನ ಹಾಳೆಯಲ್ಲೂ ಕಾಣಲಿಲ್ಲ. ಅಲ್ಲಿ ಇದ್ದದ್ದು ಐನೂರು ಅನ್ನುವ ಅಂಕಿ ಮಾತ್ರ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಹಿರಿಯರು ಪಟ್ಟಿ ಹೇಗೆ ಎತ್ತುತ್ತಿದ್ದರು?

ಕಣದ ಕಾಲ ಒಂದಿತ್ತು. ಈಗಿನಂತೆ ಯಂತ್ರ ಗದ್ದೆಗೆ ಇಳಿದು, ಕಾಳು ನೇರವಾಗಿ ಟ್ರ್ಯಾಕ್ಟರಿಗೆ ಬೀಳುತ್ತಿರಲಿಲ್ಲ. ಕಣದಲ್ಲಿ ರಾಶಿ ಆಗುತ್ತಿತ್ತು. ರಾಶಿಗೆ ಪೂಜೆ ಆಗುತ್ತಿತ್ತು. ಊರಿನ ಕೆಲಸ ಮಾಡುವ ಆಯಗಾರರು, ಮಠದವರು, ಗುಡಿಯವರು ಅಲ್ಲಿಗೇ ಬರುತ್ತಿದ್ದರು. ರೈತ ಮೊರದಲ್ಲಿ ತುಂಬಿ ಹಾಕುತ್ತಿದ್ದ. ಎಲ್ಲರ ಕಣ್ಣೆದುರಿಗೆ ಕೇಳುವುದು, ಎಲ್ಲರ ಕಣ್ಣೆದುರಿಗೆ ಕೊಡುವುದು. ರಾಶಿ ದೊಡ್ಡದಾದರೆ ಹೆಚ್ಚು, ಸಣ್ಣದಾದರೆ ಕಡಿಮೆ. ಬರಗಾಲದ ವರ್ಷ ಬರಿಗೈಯಲ್ಲಿ ಹೋದರೂ ಯಾರೂ ಕೆಟ್ಟದ್ದು ಅನ್ನುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ದುಡಿದವರ ಪಾಲಿಗೂ ದಾನದ ಹೆಸರಿಟ್ಟ ಅನ್ಯಾಯ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೇಳುವ ಬಗೆ ಮಾತ್ರ ಬಯಲಲ್ಲಿ ಇತ್ತು.

ಮುಷ್ಟಿ ಫಂಡಿನ ಮಾತು ಕೇಳಿದ್ದೀರಾ? ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಸಾತಾರಾ ಕಡೆಯ ಬಡ ಮಕ್ಕಳ ವಸತಿ ಶಾಲೆಗೆ ಅವರು ಹೆಂಗಸರ ಹತ್ತಿರ ಕೇಳಿದ್ದು ದುಡ್ಡಲ್ಲ. ದಿನಾ ಬೀಸುವ ಕಲ್ಲಿನ ಮುಂದೆ ಕೂತಾಗ ಒಂದು ಹಿಡಿ ಕಾಳು ಬೇರೆ ಇಡಿ ಎಂದರು. ಒಂದು ಗಡಿಗೆಯಲ್ಲಿ ಹಿಡಿ ಹಿಡಿಯಾಗಿ ಕೂಡಿದ ಕಾಳು ಮಕ್ಕಳ ಊಟಕ್ಕೆ ಹೋಗುತ್ತಿತ್ತು. ನನಗೆ ಬಹಳ ಹಿಡಿಸಿದ್ದು ಇಲ್ಲಿಯ ಅಳತೆ. ಹಿಡಿ ಯಾರದು? ಕೊಡುವವಳದು. ಅವಳ ಕೈ ಎಷ್ಟು ದೊಡ್ಡದೋ ಅಷ್ಟು. ಬಾಗಿಲಲ್ಲಿ ಯಾರೂ ಪೆನ್ನು ಹಿಡಿದು ನಿಂತಿರುವುದಿಲ್ಲ. ಪಕ್ಕದ ಮನೆಯವಳು ಎಷ್ಟು ಹಾಕಿದಳು ಎಂದು ಯಾರೂ ಹೇಳುವುದಿಲ್ಲ.

ನಮ್ಮ ಕಡೆಯ ಜೋಳಿಗೆಯೂ ಹಾಗೆಯೇ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದಾಗ ಜೋಳಿಗೆ ಹಿಡಿದು ಊರೂರು ತಿರುಗಿದರು. ಜೋಳಿಗೆ ಅಂದರೆ ಬಟ್ಟೆಯ ಚೀಲ. ಒಳಗೆ ಏನು ಬಿತ್ತು, ಎಷ್ಟು ಬಿತ್ತು, ಹೊರಗಿನವರಿಗೆ ಕಾಣದು. ಕೊಡುವವರ ಮರ್ಯಾದೆಯನ್ನು ಅದು ಕಾಯುತ್ತದೆ. ಕೇಳುವವರು ಮಾತ್ರ ಹಗಲಲ್ಲಿ, ಓಣಿಯ ನಡುವೆ, ತಲೆಬಾಗಿ ನಿಂತಿರುತ್ತಾರೆ. ಲಿಂಗಸುಗೂರಿನಿಂದ ದೂರವಿಲ್ಲದ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಅದೇ ಜೋಳಿಗೆ ಹಿಡಿದು ದುಡ್ಡನ್ನೇ ಕೇಳಲಿಲ್ಲ. ಕುಡಿತ, ತಂಬಾಕು, ಇವನ್ನು ಜೋಳಿಗೆಗೆ ಹಾಕಿ ಎಂದರು. ಕೊಟ್ಟವರ ಮನೆಯೇ ಉಳಿಯಿತು.

ಈಗಲೂ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಸುತ್ತಲಿನ ಜಿಲ್ಲೆಗಳ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಮಾಡುತ್ತಾರೆ. ಖಟಿ ರೊಟ್ಟಿ, ಕೆಡುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಪೇರಿಸಿ, ಡೊಳ್ಳು ಬಾರಿಸುತ್ತ ಕಳಿಸುತ್ತಾರೆ. ಇಡೀ ಊರಿನ ಕೊಡುಗೆ ಹೊರಡುತ್ತದೆ. ಯಾರ ರೊಟ್ಟಿ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಗಾಂಧೀಜಿಯವರದು ಇನ್ನೊಂದು ಬಗೆ. 1934ರ ಆರಂಭದಲ್ಲಿ ಅವರು ಹರಿಜನ ನಿಧಿಗಾಗಿ ಕರ್ನಾಟಕದಲ್ಲಿ ಸುತ್ತಿದರು. ಕೇಳುವುದರಲ್ಲಿ ಅವರಿಗೆ ಸಂಕೋಚವೇ ಇರಲಿಲ್ಲ. ತಮಗೆ ಬಂದ ಉಡುಗೊರೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಸಹಿ ಬೇಕೆಂದರೆ ಐದು ರೂಪಾಯಿ. ಹೆಂಗಸರ ಮೈಮೇಲಿನ ಬಂಗಾರ ಕೇಳುತ್ತಿದ್ದರು. ಕೊಡಗಿನಲ್ಲಿ ಕತೆಗಾರ್ತಿ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಬೇಕೆಂದು ಉಪವಾಸ ಕೂತರು. ಗಾಂಧೀಜಿ ಹೋದರು. ಗೌರಮ್ಮ ತಮ್ಮ ಒಡವೆ ಕೊಟ್ಟರು. ಇಂಥ ಪ್ರವಾಸದಲ್ಲಿ ಬಂದದ್ದನ್ನು ಗಾಂಧೀಜಿ 'ಹರಿಜನ' ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಕೇಳಿದ್ದೂ ತೆರೆದ ಸಭೆಯಲ್ಲಿ, ಒಪ್ಪಿಸಿದ್ದೂ ತೆರೆದ ಪತ್ರಿಕೆಯಲ್ಲಿ.

ಈ ತನಕ ಹೇಳಿದ್ದು ಇಷ್ಟು. ಕಣ, ಹಿಡಿ, ಜೋಳಿಗೆ, ರೊಟ್ಟಿ, ಸಭೆ. ಇವುಗಳಲ್ಲಿ ಕೇಳುವ ಬಗೆ ಊರಿಗೆಲ್ಲ ಗೊತ್ತಿತ್ತು. ಬೇರೆ ಕಾಗದದಲ್ಲಿ ಬರೆದು ಒಪ್ಪಿಸುವ ಗರಜು ಬರಲಿಲ್ಲ. ಇನ್ನು ಬರೆದಿಡುವ ಮಾತಿಗೆ ಬರೋಣ. ಅದಕ್ಕೆ ನಾವು ಮಸ್ಕಿಯ ಗುಡ್ಡ ಹತ್ತಬೇಕು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಈ ಕಡೆ ಬಂಗಾರದ ಅದಿರು ಹುಡುಕುತ್ತಿದ್ದರು. ಅವರಿಗೆ ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕಂಡವು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳುವ ಶಾಸನ ಅದು. ಆ ಬಿರುದಿನ ಅರಸ ಅಶೋಕನೇ ಎಂದು ಖಚಿತವಾದದ್ದು ಆಗ. ಆ ಬಂಡೆಯ ಮೇಲಿನ ಮಾತಿನ ಸಾರ ನಿಮಗೆ ಗೊತ್ತೇ? ಒಳ್ಳೆಯದನ್ನು ಪಡೆಯುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎಂದು.

ಅದೇ ಅಶೋಕನ ಇನ್ನೊಂದು ಶಾಸನ ಉತ್ತರದಲ್ಲಿ, ಪ್ರಯಾಗದ ಕಂಬದ ಮೇಲೆ ಇದೆ. ರಾಣಿಯ ಶಾಸನ ಎಂದೇ ಅದನ್ನು ಕರೆಯುತ್ತಾರೆ. ಎರಡನೆಯ ರಾಣಿ ಕಾರುವಾಕಿ, ತೀವರನ ತಾಯಿ. ಅವಳು ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆ, ಇನ್ನೇನೇ ಇರಲಿ, ಅದೆಲ್ಲ ಅವಳ ಹೆಸರಿನಲ್ಲೇ ಲೆಕ್ಕಕ್ಕೆ ಸೇರಬೇಕು ಎಂದು ಅರಸ ಮಹಾಮಾತ್ರರೆಂಬ ತನ್ನ ಅಧಿಕಾರಿಗಳಿಗೆ ಅಪ್ಪಣೆ ಕೊಡಿಸಿದ್ದಾನೆ. ಹೆಚ್ಚು ಕಡಿಮೆ 2200 ವರ್ಷಗಳ ಹಿಂದಿನ ಮಾತು. ಕೊಟ್ಟವರು ಒಬ್ಬರು, ಹೆಸರು ಇನ್ನೊಬ್ಬರದು ಆಗಬಾರದು ಎಂಬ ಕಾಳಜಿ ಆಗಲೇ ಇತ್ತು. ಊರಿನ ದುಡ್ಡಿನಲ್ಲಿ ಎದ್ದ ಕಟ್ಟಡದ ಮೇಲೆ ಒಬ್ಬರದೇ ಹೆಸರು ಕೆತ್ತಿರುವುದನ್ನು ನೋಡಿದಾಗೆಲ್ಲ ನನಗೆ ಆ ಕಂಬ ನೆನಪಾಗುತ್ತದೆ.

ಸರಿ. ಬರೆದಿಡುವುದು ನಮಗೆ ಹೊಸದಲ್ಲ ಎಂದಾಯಿತು. ಇವತ್ತಿನ ಕಾಯಿದೆ ಏನೇನು ಬರೆದಿಡಿ ಎನ್ನುತ್ತದೆ?

ಸಂಘ ನೋಂದಾಯಿಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗಬೇಕಾದರೆ ಸಂಸ್ಥೆಗೆ ಬೇರೆ ಮಂಜೂರಾತಿ ಬೇಕು. ಎಂಬತ್ತು ಜಿ ಎಂದು ಜನ ಕರೆಯುವುದು ಇದನ್ನೇ. ಎರಡು ಸಾವಿರ ರೂಪಾಯಿ ದಾಟಿದ ನಗದಿಗೆ ಈ ರಿಯಾಯಿತಿ ಇಲ್ಲ. 2021-22ನೇ ಸಾಲಿನಿಂದ ಇನ್ನೊಂದು ಕಟ್ಟುಪಾಡು ಬಂತು. ಯಾರು ಎಷ್ಟು ಕೊಟ್ಟರು ಎಂದು ಸಂಸ್ಥೆಯೇ ತೆರಿಗೆ ಇಲಾಖೆಗೆ ವರ್ಷಕ್ಕೊಮ್ಮೆ ತಿಳಿಸಬೇಕು. ಕೊಟ್ಟವರಿಗೆ ಪ್ರಮಾಣಪತ್ರ ಕೊಡಬೇಕು. ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ದತ್ತಿ ಸಂಸ್ಥೆಗೆ ನೂರಕ್ಕೆ ಮೂವತ್ತರಂತೆ ತೆರಿಗೆ ಬೀಳುತ್ತದೆ. ಬರೀ ಧಾರ್ಮಿಕ ಸಂಸ್ಥೆಯ ಹುಂಡಿಗೆ ಇದು ಅನ್ವಯಿಸುವುದಿಲ್ಲ. ಹೊರದೇಶದ ದುಡ್ಡಿಗೆ 2020ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಅದು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಆಡಳಿತ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರಬಾರದು. ಸರ್ಕಾರದ ದುಡ್ಡನ್ನು ಗಣನೀಯವಾಗಿ ನೆಚ್ಚಿರುವ ಸಂಸ್ಥೆಗಳು ಮಾಹಿತಿ ಹಕ್ಕಿನ ಕೆಳಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಇಷ್ಟೆಲ್ಲ ಇದೆ. ಒಳ್ಳೆಯದೇ. ದೇಣಿಗೆ ನಗದಾಗಿ ಬಂತೋ, ಚೆಕ್ಕಿನಲ್ಲಿ ಬಂತೋ, ವಸ್ತುವಾಗಿ ಬಂತೋ ಎಂದು ತೆರಿಗೆಯ ನಮೂನೆ ಕೇಳುತ್ತದೆ. ಆದರೆ ಐದು ಮಂದಿ ಬಾಗಿಲಲ್ಲಿ ನಿಂತಿದ್ದರೇ ಎಂದು ಕೇಳುವುದಿಲ್ಲ. ಫೋನು ಮಾಡಿದ್ದು ನಿಮ್ಮ ಕಾರ್ಯಕರ್ತರೋ, ನೂರಕ್ಕೆ ಇಷ್ಟೆಂದು ಕಮಿಷನ್ ಪಡೆಯುವವರೋ ಎಂದು ಕೇಳುವುದಿಲ್ಲ. ಮೊಬೈಲಿನಲ್ಲಿ ಬರುವ ರೋಗಿ ಮಗುವಿನ ಚಿತ್ರ ನೋಡಿ ನಾವು ಕರಗುತ್ತೇವೆ. ಆ ಚಿತ್ರ ಹಾಕಲು ತಾಯಿ ಒಪ್ಪಿದ್ದಳೇ ಎಂದು ಕೇಳುವುದಿಲ್ಲ. ನನ್ನ ಪ್ರಕಾರ ಕೊಟ್ಟವರಿಗೆ ಇದೆಲ್ಲ ತಿಳಿಯಬೇಕು. ನಾನು ಕೊಟ್ಟ ನೂರರಲ್ಲಿ ಮಗುವಿಗೆ ಮುಟ್ಟಿದ್ದು ತೊಂಬತ್ತೋ ಐವತ್ತೋ ಎನ್ನುವುದು ಸಣ್ಣ ಮಾತಲ್ಲ.

ಕೆಲವು ದೇಶಗಳಲ್ಲಿ ಇದನ್ನು ಕೇಳುತ್ತಾರೆ. ಅಮೆರಿಕದಲ್ಲಿ ದೊಡ್ಡ ಸಂಸ್ಥೆಗಳು ವರ್ಷಕ್ಕೊಮ್ಮೆ ತುಂಬುವ ತೆರಿಗೆ ನಮೂನೆಯಲ್ಲಿ ಇದಕ್ಕೇ ಒಂದು ಭಾಗವಿದೆ. ಅಂಚೆಯಲ್ಲಿ ಕೇಳಿದಿರಾ, ಫೋನಿನಲ್ಲಿ ಕೇಳಿದಿರಾ, ಎದುರಿಗೆ ಹೋಗಿ ಕೇಳಿದಿರಾ? ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದರೆ ಅವರು ಎತ್ತಿದ್ದು ಎಷ್ಟು, ಇಟ್ಟುಕೊಂಡದ್ದು ಎಷ್ಟು, ಸಂಸ್ಥೆಗೆ ಬಂದದ್ದು ಎಷ್ಟು? ಆ ಕಾಗದವನ್ನು ಯಾರು ಬೇಕಾದರೂ ಓದಬಹುದು.

ಇಂಗ್ಲೆಂಡಿನ ಕತೆ ಮನಸ್ಸಿಗೆ ಇನ್ನೂ ಹತ್ತಿರದ್ದು. ಬ್ರಿಸ್ಟಲ್ ನಗರದಲ್ಲಿ ಆಲಿವ್ ಕುಕ್ ಎಂಬ ಅಜ್ಜಿ ಇದ್ದರು. ಯುದ್ಧದಲ್ಲಿ ಮಡಿದವರ ನೆನಪಿಗೆ ಅಲ್ಲಿ ಕೆಂಪು ಗಸಗಸೆ ಹೂವಿನ ಗುರುತು ಮಾರಿ ದೇಣಿಗೆ ಕೂಡಿಸುತ್ತಾರೆ. ಆ ಅಜ್ಜಿ ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಅದನ್ನು ಮಾರಿದರು. ತಾವೂ ಹತ್ತಾರು ಸಂಸ್ಥೆಗಳಿಗೆ ಕೊಡುತ್ತಿದ್ದರು. 2015ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ನೋಡಿದರೆ ಸುಮಾರು ನೂರು ಸಂಸ್ಥೆಗಳ ಹತ್ತಿರ ಅವರ ವಿಳಾಸ ಇತ್ತು. ಒಂದೇ ವರ್ಷದಲ್ಲಿ ಅವರಿಗೆ ನಾನೂರೈವತ್ತಕ್ಕೂ ಹೆಚ್ಚು ಬೇಡಿಕೆಯ ಪತ್ರ ಹೋಗಿದ್ದವು. ಅನೇಕ ಸಂಸ್ಥೆಗಳಿಗೆ ಅವರ ವಿಳಾಸ ಸಿಕ್ಕಿದ್ದು ಬೇರೆಯವರ ಕೈಯಿಂದ. ಅವರ ಸಾವಿಗೆ ಈ ಪತ್ರಗಳು ಕಾರಣವಲ್ಲ ಎಂದು ಮನೆಯವರೇ ಹೇಳಿದರು. ಆದರೂ ಆ ದೇಶ ಸುಮ್ಮನಿರಲಿಲ್ಲ. 2016ರಲ್ಲಿ ಕಾಯಿದೆ ತಂದಿತು. ದೊಡ್ಡ ಸಂಸ್ಥೆಗಳು ವರ್ಷದ ವರದಿಯಲ್ಲಿ ತಾವು ದುಡ್ಡು ಕೇಳುವ ಬಗೆಯನ್ನೇ ಬರೆಯಬೇಕು. ಹೊರಗಿನವರನ್ನು ನೇಮಿಸಿದ್ದರೆ ಹೇಳಬೇಕು. ಎಷ್ಟು ದೂರು ಬಂದವು ಎಂದು ಹೇಳಬೇಕು. ದುರ್ಬಲರೂ ಇತರರೂ ಒತ್ತಡಕ್ಕೆ ಸಿಗದಂತೆ ಏನು ಮಾಡಿದಿರಿ ಎಂದೂ ಬರೆಯಬೇಕು.

ದುರ್ಬಲರು ಅಂದರೆ ಇಲ್ಲ ಎನ್ನಲಾಗದವರು. ಇದನ್ನು ಓದಿದಾಗ ನನಗೆ ಶಾಲೆಯ ಗೋಡೆಯ ಮುಂದೆ ನಿಂತ ಆ ಹೆಂಗಸಿನ ಮಾತು ಕಿವಿಯಲ್ಲಿ ಕೇಳಿತು.

ಹಾಗಾದರೆ, ಕೇಳುಗರೇ, ನಮ್ಮ ಹಿರಿಯರು ಕೇಳಿದ ಬಗೆ ನೋಡಿದೆವು. ಅಶೋಕ ಬರೆಸಿದ್ದು ನೋಡಿದೆವು. ಕಾಯಿದೆ ಕೇಳುವುದು, ಕೇಳದೆ ಬಿಡುವುದು ನೋಡಿದೆವು. ಕೊನೆಗೆ ನಾವು ಏನು ಮಾಡಿದೆವು ಎಂದು ಹೇಳಿಬಿಡುತ್ತೇನೆ.

ಎರಡು ವರ್ಷದ ಮೇಲೆ ಅದೇ ಶಾಲೆಗೆ ಕುಡಿಯುವ ನೀರಿನ ವ್ಯವಸ್ಥೆ ಬೇಕಾಯಿತು. ಮತ್ತೆ ಪಟ್ಟಿ. ಈ ಸಲ ಕೂತು ಮಾತಾಡಿಕೊಂಡೆವು. ಒಂದು ಬಾಗಿಲಿಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಬಾರದು. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಬೇಕು. ಆ ಮನೆಯ ಮಕ್ಕಳಿಗೆ ಪಾಠ ಹೇಳುವವರು, ಆ ಮನೆಯವರಿಗೆ ಕೂಲಿ ಕೊಡುವವರು ಹೋಗಬಾರದು. ಪಕ್ಕದ ಮನೆಯವರು ಕೊಟ್ಟದ್ದನ್ನು ಬಾಯಿ ಬಿಡಬಾರದು. ಮೊದಲ ದಿನ ವಿಷಯ ಹೇಳಿ ಬರುವುದು, ಪಾವತಿ ಪುಸ್ತಕ ಒಯ್ಯುವುದು ಎಂಟು ದಿನ ಬಿಟ್ಟು. ಭತ್ತ ಕೊಟ್ಟರೂ ಆಯಿತು. ಒಂದು ಚೀಲ ಅಂದರೆ ನಮ್ಮಲ್ಲಿ 75 ಕಿಲೋ. ಕೆಲವರು ಚೀಲ ಕೊಟ್ಟರು, ಕೆಲವರು ಒಂದು ಬುಟ್ಟಿ. ತೂಗಿ, ಅವತ್ತಿನ ಧಾರಣೆಯಲ್ಲಿ ಬರೆದುಕೊಂಡೆವು. ಕಳೆದ ಸಲಕ್ಕಿಂತ ದುಡ್ಡು ಕಡಿಮೆ ಕೂಡಿತು, ಹೆಚ್ಚೂ ಕಡಿಮೆ ಮುಕ್ಕಾಲು ಪಾಲು. ಕೆಲಸ ಮುಗಿಸಲು ಒಂದು ವರ್ಷ ತಡವಾಯಿತು. ಆ ತಡಕ್ಕೆ ನನಗೆ ಬೇಸರವಿಲ್ಲ.

ಜಮಾ ಖರ್ಚಿನ ಹಾಳೆಯ ಜೊತೆ ಈ ಸಲ ಇನ್ನೊಂದು ಹಾಳೆ ಬರೆದೆವು. 'ಪಟ್ಟಿ ಎತ್ತಿದ ಬಗೆ' ಎಂದು ಮೇಲೆ ತಲೆಬರಹ. ಯಾರು ಯಾವ ಓಣಿಗೆ ಹೋದರು. ಎಷ್ಟು ಮನೆಯವರು ಆಗದು ಎಂದರು. ಅವರ ಹೆಸರು ಬರೆಯಲಿಲ್ಲ, ಲೆಕ್ಕ ಮಾತ್ರ. ಪುಸ್ತಕ ಅಚ್ಚಿಗೆ ಎಷ್ಟು, ಡೀಸೆಲ್ಲಿಗೆ ಎಷ್ಟು, ಚಹಾಕ್ಕೆ ಎಷ್ಟು. ಎಷ್ಟು ಪಾವತಿ ಪುಸ್ತಕ ಹೊರಗೆ ಹೋದವು, ಎಷ್ಟು ತಿರುಗಿ ಬಂದವು, ಯಾವುದರಲ್ಲಿ ಎಷ್ಟು ಹಾಳೆ ಖಾಲಿ ಉಳಿದವು, ಯಾವ ಹಾಳೆ ತಪ್ಪಾಗಿ ಬರೆದು ಹೊಡೆದು ಹಾಕಿದೆವು. ಇದನ್ನು ಗೋಡೆಗೆ ಅಂಟಿಸಲಿಲ್ಲ. ಓದು ಬಾರದವರಿಗೆ ಗೋಡೆ ಏನು ಹೇಳೀತು? ಒಂದು ಸಂಜೆ, ಕೂಲಿಯವರು ಗದ್ದೆಯಿಂದ ಬಂದ ಮೇಲೆ, ಗುಡಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆವು.

ನಾನು ಓದುತ್ತಿದ್ದೆ. "ಮೂರನೇ ಪುಸ್ತಕದಲ್ಲಿ ಹದಿಮೂರು ಹಾಳೆ ಖಾಲಿ ಉಳಿದಿವೆ" ಎಂದೆ. ಹಿಂದಿನ ಸಾಲಿನಿಂದ ಅದೇ ಹೆಂಗಸು ಎದ್ದು ಬಂದರು. "ಆ ಬುಕ್ಕು ಇಲ್ಲಿ ಕೊಡ್ರೀ ಸರ, ಎಣಿಸ್ತೀನಿ" ಅಂದರು. ಕೊಟ್ಟೆ. ಕಟ್ಟೆಯ ದೀಪದ ಕೆಳಗೆ ಕೂತರು. ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಹಾಳೆ ಮಗುಚಿದರು. ಸಭೆ ಸುಮ್ಮನೆ ಕಾಯುತ್ತಿತ್ತು. ಹನ್ನೆರಡರ ಹತ್ತಿರ ಎರಡು ಹಾಳೆ ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ ಮತ್ತೆ ಮೊದಲಿನಿಂದ ಎಣಿಸಿದರು.

"ಹದಿಮೂರು ಅದಾವ್ರೀ. ಮುಂದ ಓದ್ರೀ" ಅಂದರು.

ನಾನು ಮುಂದೆ ಓದಿದೆ.